ಸೈಕಲ್‌ನಲ್ಲಿ ಶಿಮಾನೋ ಕಂಪನಿಯ ಶಿಫ್ಟರ್‌ಗೆ (ಹ್ಯಾಂಡಲ್ ಮೇಲಿನ ಗೇರ್ ಲಿವರ್) ಸ್ರ್ಯಾಮ್ ಕಂಪನಿಯ ಡಿರೇಲರ್ (ಚೈನ್‌ನ್ನ ಒಂದು ಗೇರ್‌ನಿಂದ ಇನ್ನೊಂದಕ್ಕೆ ಸರಿಸೋ ಭಾಗ) ಹಾಕಿದ್ರೆ ನಡೆಯುತ್ತಾ?

ಇಲ್ಲ, 10 ಸ್ಪೀಡ್ (ಹಿಂದೆ 10 ಗೇರ್ ಇರೋ) ರೋಡ್ ಸೈಕಲ್‌ನಲ್ಲಿ ಇವೆರಡು ಸೇರಲ್ಲ. ಒಂದು ಕ್ಲಿಕ್‌ಗೆ ಶಿಮಾನೋ ಶಿಫ್ಟರ್ ಎಳೆಯೋದು ಸುಮಾರು 2.3 ಮಿ.ಮೀ. ಕೇಬಲ್, ಸ್ರ್ಯಾಮ್ ಹಿಂದಿನ ಡಿರೇಲರ್‌ಗೆ ಬೇಕಿರೋದು 3 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ, ಹಾಗಾಗಿ ಡಿರೇಲರ್ ಪ್ರತಿ ಕ್ಲಿಕ್‌ಗೂ ಹತ್ತಿರ ಹತ್ತಿರ 1 ಮಿ.ಮೀ. ಹಿಂದೆ ಬೀಳುತ್ತೆ, ನಾಲ್ಕು ಕ್ಲಿಕ್ ಆಗೋಷ್ಟರಲ್ಲಿ ಒಂದು ಗೇರೇ ತಪ್ಪಿರುತ್ತೆ. ಪುಣೆ ಒಳಗಿನ ಸಪಾಟು ರಸ್ತೇಲಿ ಹೇಗೋ ತಳ್ಳಬಹುದು, ಸಿಂಹಗಡ ಹತ್ತುವಾಗ ಚೈನ್ ಕಟಕಟ ಅಂತ ಹಾರೋಕೆ ಶುರುವಾದ್ರೆ ಗೊತ್ತಾಗುತ್ತೆ ಮಜಾ! ಕೇಬಲ್ ಬಿಗಿ ಮಾಡಿದ್ರೆ ಸರಿಹೋಗುತ್ತೆ ಅಂತ ಮೆಕ್ಯಾನಿಕ್ ಭಾವು ಹೇಳಿದ್ರೆ ನಂಬಬೇಡಿ, ಅದರಿಂದ ಬದಲಾಗೋದು ಶುರುವಿನ ಜಾಗ ಅಷ್ಟೇ, ಎಳೆತ ಅಲ್ಲ. ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಂಪು), ಚೈನ್ ಮಾತ್ರ ಆರಾಮಾಗಿ ಬೆರೆಸಿ, ಹಲ್ಲುಚಕ್ರಗಳ ನಡುವಿನ ಅಂತರ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ.