ದಾಕ್ಷಿಣ್ಯದ ಮೌನ ಮತ್ತು ಮರೆತುಬಂದ ಕೊಡೆ

ಓದುಗರ ಪತ್ರ: ಮಾನ್ಯ ಸಂಪಾದಕರೇ, ನನಗೆ 29 ವರ್ಷ. ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದ ಒಬ್ಬರನ್ನು ಮೂರು ಸಲ ಭೇಟಿಯಾದೆ. ಒಳ್ಳೆಯವರು, ಮಾತುಕತೆಯೂ ಚೆನ್ನಾಗಿಯೇ ನಡೆಯಿತು, ಆದರೆ ನನ್ನ ಮನಸ್ಸು ಆ ಕಡೆಗೆ ಹೊರಳಲಿಲ್ಲ. ಅವರ ಕೊನೆಯ ಎರಡು ಮೆಸೇಜುಗಳಿಗೆ 11 ದಿನಗಳಿಂದ ಉತ್ತರಿಸಿಲ್ಲ. ‘ಸುಮ್ಮನಿದ್ದುಬಿಡು, ಅವರಿಗೇ ಅರ್ಥವಾಗುತ್ತದೆ, ಮುಖಕ್ಕೆ ಹೊಡೆದಂತೆ ಬೇಡ ಎನ್ನುವುದಕ್ಕಿಂತ ಅದೇ ಮರ್ಯಾದೆ’ ಎನ್ನುತ್ತಾರೆ ಸ್ನೇಹಿತರು. ಅಪ್ರಿಯವಾದ ಸತ್ಯವನ್ನು ನುಡಿಯಬಾರದೆಂದು ಹಿರಿಯರೂ ಹೇಳಿದ್ದಾರಲ್ಲವೇ? ತಮ್ಮ ಅಭಿಪ್ರಾಯವೇನು? (ನನ್ನ ಕೊಡೆ ಅವರ ಬಳಿಯೇ ಉಳಿದಿದೆ. ಅದನ್ನು ಕೇಳುವುದು ಹೇಗೆಂದೂ ತಿಳಿಯುತ್ತಿಲ್ಲ.)
— ಹೆಸರು ಪ್ರಕಟಿಸಬಾರದೆಂದು ಕೋರಿರುವ ಓದುಗರು

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಮೆಚ್ಚುಗೆಯಾಯಿತು. ಉತ್ತರಿಸದ ದಿನಗಳನ್ನು ಒಂದೊಂದಾಗಿ ಲೆಕ್ಕವಿಟ್ಟವರ ಮನಸ್ಸು ಕಲ್ಲಾಗಿರುವುದಿಲ್ಲ. ಎರಡನೆಯ ಸಲ ಓದುವಾಗ ಸ್ವಲ್ಪ ಸಿಟ್ಟೂ ಬಂತೆಂದು ಒಪ್ಪಿಕೊಳ್ಳುತ್ತೇನೆ. ಮುಖವನ್ನೇ ಕಾಣದ ಸಂಪಾದಕನೊಬ್ಬನಿಗೆ ಇಷ್ಟು ಅಚ್ಚುಕಟ್ಟಾಗಿ ಪತ್ರ ಬರೆಯಬಲ್ಲ ನೀವು, ಮೂರು ಸಂಜೆಗಳನ್ನು ಎದುರುಬದುರು ಕೂತು ಕಳೆದವರಿಗೆ ಎರಡು ಸಾಲು ಬರೆಯಲಾಗುತ್ತಿಲ್ಲ ಎನ್ನುತ್ತೀರಿ!

ನಿಮ್ಮ ಸ್ನೇಹಿತರ ಮಾತನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಬೇಡವೆಂದರೂ ಬೆನ್ನುಬಿಡದವರಿಗೆ, ಬೆದರಿಸುವವರಿಗೆ, ‘ಇಲ್ಲ’ ಎಂಬುದನ್ನು ಚೌಕಾಶಿಯ ಆರಂಭವೆಂದು ತಿಳಿಯುವವರಿಗೆ ಯಾರೂ ವಿವರಣೆಯನ್ನು ಕೊಡಬೇಕಾಗಿಲ್ಲ. ಅಂಥವರ ನಂಬರನ್ನು ಬ್ಲಾಕ್ ಮಾಡಿ ನೆಮ್ಮದಿಯಾಗಿ ಮಲಗಬಹುದು. ಇನ್ನೂ ಮುಖಾಮುಖಿಯಾಗದೆ ನಾಲ್ಕು ಮೆಸೇಜುಗಳಲ್ಲೇ ಮಾತು ತಾನಾಗಿ ಬತ್ತಿಹೋದರೆ ಅದೂ ದೊಡ್ಡ ಅಪರಾಧವಲ್ಲ. ನಿಮ್ಮ ಸಂಗತಿ ಇವೆರಡರಲ್ಲಿ ಯಾವುದೂ ಅಲ್ಲ. ಅವರು ಒಳ್ಳೆಯವರೆಂದು ನೀವೇ ಬರೆದಿದ್ದೀರಿ.

ಇನ್ನು ಹಿರಿಯರ ಮಾತು. ಅದನ್ನು ನೀವು ಅರ್ಧಕ್ಕೇ ನಿಲ್ಲಿಸಿದ್ದೀರಿ. ನಿಮ್ಮ ತಪ್ಪಲ್ಲ, ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಾರೆ. ‘ನ ಬ್ರೂಯಾತ್ ಸತ್ಯಮಪ್ರಿಯಮ್’ ಎಂಬುದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದ ಶ್ಲೋಕವೊಂದರ ಪೂರ್ವಾರ್ಧದಲ್ಲಿದೆ. (ಆ ಗ್ರಂಥದ ಬೇರೆ ಎಷ್ಟೋ ಮಾತುಗಳೊಂದಿಗೆ ನನಗೆ ತಕರಾರಿದೆ, ಅದು ಈ ಪತ್ರದ ವಿಷಯವಲ್ಲ.) ಉತ್ತರಾರ್ಧ ಶುರುವಾಗುವುದೇ ‘ಪ್ರಿಯಂ ಚ ನಾನೃತಂ ಬ್ರೂಯಾತ್’ ಎಂದು, ಹಿತವಾಗಿದೆಯೆಂಬ ಕಾರಣಕ್ಕೆ ಸುಳ್ಳನ್ನೂ ಹೇಳಬಾರದು ಎಂದರ್ಥ. ಮೌನ ಸುಳ್ಳಲ್ಲವಲ್ಲ ಎಂದು ನೀವು ವಾದಿಸಬಹುದು. ಆದರೆ ಮಾತು ಬೆಳ್ಳಿ, ಮೌನ ಬಂಗಾರ ಎನ್ನುವ ನಾವೇ ಮೌನಂ ಸಮ್ಮತಿ ಲಕ್ಷಣಂ ಎಂದೂ ಹೇಳುತ್ತೇವೆ. ಬಂಗಾರವೂ ಆಗಬಲ್ಲ, ಸಮ್ಮತಿಯೂ ಆಗಬಲ್ಲ, ಮೊಬೈಲು ಕೆಟ್ಟುಹೋಗಿರುವುದರ ಸೂಚನೆಯೂ ಆಗಬಲ್ಲ ಒಂದು ಸಂಗತಿಯನ್ನು ಇನ್ನೊಬ್ಬರ ಕೈಗಿಟ್ಟು, ‘ಸರಿಯಾದ ಅರ್ಥವನ್ನು ಅವರೇ ಆರಿಸಿಕೊಳ್ಳಲಿ’ ಎನ್ನುವುದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಕತ್ತಲಲ್ಲಿ ಕೂತುಕೊಳ್ಳುವ ಕೆಲಸ.

ನನ್ನ ಬಹಳ ದಿನಗಳ ಹಠವೊಂದನ್ನು ಇಲ್ಲಿ ಹೇಳಿಬಿಡಬೇಕು. ನಾವು ಗುಣವೆಂದು ಎಣಿಸಿಕೊಂಡು ಬಂದಿರುವ ದಾಕ್ಷಿಣ್ಯವು ಹತ್ತರಲ್ಲಿ ಎಂಟು ಸಲ ಗುಣವಲ್ಲ, ಅಂಜಿಕೆ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂದು ಗಾದೆ ಮಾಡಿದವರಿಗೆ ಇದು ಗೊತ್ತಿತ್ತು. ನಿಮಗೆ ನೀವೇ ಕೇಳಿಕೊಳ್ಳಿ: ನೀವು ಹೆದರುತ್ತಿರುವುದು ಅವರಿಗಾಗುವ ನೋವಿಗೋ, ಆ ನೋವನ್ನು ನೀವು ನೋಡಬೇಕಾಗುತ್ತದಲ್ಲ, ಅದಕ್ಕೋ? ಮೊದಲನೆಯದಾಗಿದ್ದರೆ 11 ದಿನ ಕಾಯಿಸುತ್ತಿರಲಿಲ್ಲ. ಈ ಅಂಜಿಕೆ ನಿಮ್ಮೊಬ್ಬರದೇ ಅಲ್ಲ ಎಂಬುದು ಬೇರೆ ಮಾತು. ಟೊರಾಂಟೊ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಷ್ಟೇನೂ ಇಷ್ಟವಾಗದ ವ್ಯಕ್ತಿಯೊಬ್ಬರ ಪರಿಚಯಪತ್ರವನ್ನು ಕೊಟ್ಟು, ಇವರೊಂದಿಗೆ ಡೇಟಿಂಗ್‌ಗೆ ಹೋಗುವಿರಾ ಎಂದು ಕೇಳಿದರು. ಇದು ಬರೀ ಕಲ್ಪನೆ ಎಂದುಕೊಂಡವರಲ್ಲಿ ಹೆಚ್ಚಿನವರು ಸಲೀಸಾಗಿ ಒಲ್ಲೆವೆಂದರು. ಆ ವ್ಯಕ್ತಿ ನಿಜಕ್ಕೂ ಇಲ್ಲೇ ಇದ್ದಾರೆ, ಭೇಟಿಗೂ ಸಿದ್ಧರಿದ್ದಾರೆ ಎಂದು ತಿಳಿಸಿದಾಗ ಹೂಂಗುಟ್ಟಿದವರ ಸಂಖ್ಯೆ ಏರಿತು. ಎದುರಿಗಿರುವವರನ್ನು ನೋಯಿಸಲಾರದ ಈ ಸಂಕೋಚ ಮನುಷ್ಯಸಹಜ, ಒಪ್ಪೋಣ. ಆದರೆ ಅದರ ಬೆಲೆ ತೆರುವವರು ಯಾರು? ನೀವಂತೂ ಅಲ್ಲ.

ಆ ಬೆಲೆ ಎಷ್ಟೆಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಕಿಪ್ಲಿಂಗ್ ವಿಲಿಯಮ್ಸ್ ಎಂಬ ಮನೋವಿಜ್ಞಾನಿ ಒಮ್ಮೆ ಪಾರ್ಕಿನಲ್ಲಿ ಕೂತಿದ್ದಾಗ, ಅಪರಿಚಿತರಿಬ್ಬರು ಆಡುತ್ತಿದ್ದ ಫ್ರಿಸ್ಬೀ ತಟ್ಟೆ ಅವರ ಬಳಿ ಬಂದುಬಿತ್ತು. ಇವರು ಅದನ್ನು ಹಿಂದಕ್ಕೆ ಎಸೆದರು. ಅವರು ಮತ್ತೆ ಇವರತ್ತಲೇ ಎಸೆದರು. ಹೀಗೆ ಮೂವರ ಆಟ ಸ್ವಲ್ಪ ಹೊತ್ತು ನಡೆಯಿತು. ಆಮೇಲೆ, ಒಂದು ಮಾತನ್ನೂ ಆಡದೆ, ಆ ಇಬ್ಬರು ತಟ್ಟೆಯನ್ನು ತಮ್ಮತಮ್ಮಲ್ಲೇ ಎಸೆದುಕೊಳ್ಳತೊಡಗಿದರು. ಹೆಸರೂ ಗೊತ್ತಿಲ್ಲದವರು, ಕೆಲವೇ ನಿಮಿಷಗಳ ಆಟ, ಆದರೂ ತನಗೆ ಇಷ್ಟೊಂದು ಚುಚ್ಚುವುದೇಕೆ ಎಂದು ಆ ಪಂಡಿತರಿಗೇ ಸೋಜಿಗವಾಯಿತಂತೆ. ಅದನ್ನೇ ಕಂಪ್ಯೂಟರಿನ ಮೇಲೆ ಚೆಂಡೆಸೆಯುವ ಆಟವಾಗಿಸಿ, ಆಡುವವರ ಮಿದುಳನ್ನು ಸ್ಕ್ಯಾನ್ ಮಾಡಿ, ಸಹೋದ್ಯೋಗಿಗಳೊಂದಿಗೆ 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು: ಚೆಂಡು ಬಾರದೆ ಹೊರಗುಳಿದವರಲ್ಲಿ, ದೈಹಿಕ ನೋವಿಗೂ ಸಂಬಂಧಿಸಿದ ಮಿದುಳಿನ ಭಾಗವೊಂದು ಚುರುಕುಗೊಂಡಿತ್ತು. ಮುಂದಿನ ವರ್ಷದ ಇನ್ನೊಂದು ಪ್ರಯೋಗದಲ್ಲಿ, ಎದುರಾಳಿಗಳು ಮನುಷ್ಯರಲ್ಲ, ಬರೀ ಕಂಪ್ಯೂಟರ್ ಎಂದು ಮೊದಲೇ ಹೇಳಿದರೂ ಜನ ನೊಂದುಕೊಂಡರು. ಯಂತ್ರ ಚೆಂಡು ಎಸೆಯದಿದ್ದರೇ ಮನಸ್ಸು ಕುಗ್ಗುವ ಪ್ರಾಣಿಗಳು ನಾವು. ನೀವೋ, ಅವರ ಜೊತೆ ನಕ್ಕು ಮಾತನಾಡಿದವರು.

ಹೀಗೆ ಸದ್ದಿಲ್ಲದೆ ಮಾಯವಾಗುವುದಕ್ಕೆ ಘೋಸ್ಟಿಂಗ್ ಎಂಬ ಹೆಸರು ಬಂದು ಕೆಲವು ವರ್ಷಗಳೇ ಆದವು. ಮೆರಿಯಂ-ವೆಬ್‌ಸ್ಟರ್ ನಿಘಂಟು 2017ರಲ್ಲಿ ಆ ಅರ್ಥವನ್ನು ಸೇರಿಸಿಕೊಂಡಿತು. ನಮ್ಮ ಭಾಷೆ ಈ ವಿಷಯದಲ್ಲಿ ಇನ್ನೂ ಜಾಣ. ಭೂತವೆಂದರೆ ನಮಗೆ ದೆವ್ವವೂ ಹೌದು, ಕಳೆದುಹೋದ ಕಾಲವೂ ಹೌದು. ಮಾಯವಾದವನ ಪಾಲಿಗೆ ಆ ಮೂರು ಸಂಜೆಗಳು ಭೂತಕಾಲ. ಉತ್ತರಕ್ಕಾಗಿ ಕಾದವರ ಪಾಲಿಗೆ ಅವು ಬರೀ ಭೂತ. 2014ರ ನವೆಂಬರಿನಲ್ಲಿ ವಾಟ್ಸ್ಆ್ಯಪ್ ನೀಲಿ ಗುರುತುಗಳನ್ನು ತಂದಮೇಲಂತೂ, ಓದಿಯೂ ಸುಮ್ಮನಿರುವವರನ್ನು ದಿನಕ್ಕೆ ಇಪ್ಪತ್ತು ಸಲ ಕಣ್ಣಾರೆ ಕಾಣುವ ಭಾಗ್ಯ ಕಾಯುವವರಿಗೆ ಒದಗಿತು. ಜನ ಗೊಣಗಿದ ಮೇಲೆ ಅದನ್ನು ಆಫ್ ಮಾಡಿಕೊಳ್ಳುವ ಅವಕಾಶವನ್ನೂ ಕೊಟ್ಟರು, ಆದರೆ ನಿಮ್ಮ ಗುರುತನ್ನು ಮರೆಮಾಚಿದರೆ ಬೇರೆಯವರದೂ ನಿಮಗೆ ಕಾಣದೆಂಬ ನಿಯಮದೊಂದಿಗೆ. ಮೊಬೈಲಿನೊಳಗೆ ನಾನು ಕಂಡ ನ್ಯಾಯ ಅದೊಂದೇ.

ಉಪದೇಶ ಮಾಡುವ ನಾನೇನೂ ಸಾಚಾ ಅಲ್ಲ. ನಾನು ಕಥೆ ಬರೆಯತೊಡಗಿದ ದಿನಗಳಲ್ಲಿ, ಪತ್ರಿಕೆಗೆ ಬರಹ ಕಳಿಸುವವರು ತಮ್ಮದೇ ವಿಳಾಸ ಬರೆದು, ಅಂಚೆಚೀಟಿ ಹಚ್ಚಿದ ಲಕೋಟೆಯನ್ನು ಜೊತೆಗಿಡಬೇಕಿತ್ತು. ಬರಹ ಬೇಡವಾದರೆ ಅದು ಆ ಲಕೋಟೆಯಲ್ಲಿ ಹಿಂದಿರುಗುತ್ತಿತ್ತು. ನನ್ನದೇ ಕೈಬರಹ ನನ್ನ ಬಾಗಿಲಿಗೆ ಬಂತೆಂದರೆ ಸಾಕು, ಒಡೆದು ನೋಡುವ ಅಗತ್ಯವೇ ಇರಲಿಲ್ಲ. ಒಳಗೆ ಅಚ್ಚಾದ ಒಂದು ಚೀಟಿ: ‘ತಮ್ಮ ಬರಹವನ್ನು ಬಳಸಿಕೊಳ್ಳಲಾಗುತ್ತಿಲ್ಲ, ವಿಷಾದಗಳು.’ ಆ ಸಂಜೆ ಊಟ ರುಚಿಸುತ್ತಿರಲಿಲ್ಲ. ಮರುದಿನ ಹೊಸ ಲಕೋಟೆ, ಹೊಸ ಅಂಚೆಚೀಟಿ, ಬೇರೊಂದು ಪತ್ರಿಕೆ.

ಮುಂದೆ ನಾನೇ ಸಂಪಾದಕನ ಕುರ್ಚಿಗೆ ಬಂದಮೇಲೆ, ನಿವೃತ್ತ ಮೇಷ್ಟ್ರೊಬ್ಬರು ನೀಳ್ಗತೆಯೊಂದನ್ನು ತಂದುಕೊಟ್ಟರು. ಎರಡು ಪುಟ ಓದುವಷ್ಟರಲ್ಲೇ ಅದು ನಮಗಾಗದು ಎಂದು ತಿಳಿಯಿತು. ಆದರೆ ಹಿರಿಯರು, ಸಜ್ಜನರು, ಬಿಸಿಲಲ್ಲಿ ನಡೆದುಬಂದವರು. ‘ನೋಡೋಣ ಸರ್’ ಎಂದೆ. ಅವರು ತಿಂಗಳಿಗೊಮ್ಮೆ ಬರುತ್ತಿದ್ದರು. ನಾನು ಪ್ರತಿ ಸಲವೂ ‘ನೋಡೋಣ’ ಎನ್ನುತ್ತಿದ್ದೆ. ಒಂದೆರಡು ಸಲ ಒಳಗಿದ್ದುಕೊಂಡೇ ಮೀಟಿಂಗಿನಲ್ಲಿದ್ದೇನೆಂದು ಹೇಳಿಕಳಿಸಿದ್ದೂ ಉಂಟು. 14 ತಿಂಗಳಾದಮೇಲೆ ಅವರೇ ಹಸ್ತಪ್ರತಿಯನ್ನು ಹಿಂದಕ್ಕೆ ಕೇಳಿದರು. ಕಪಾಟಿನ ತಳದಿಂದ ಅದನ್ನು ಎಳೆದು ತೆಗೆದಾಗ, ಗುಂಡುಪಿನ್ನು ತುಕ್ಕು ಹಿಡಿದು ಮೊದಲ ಪುಟದ ಮೂಲೆಯಲ್ಲಿ ಕಂದು ಕಲೆಯಾಗಿತ್ತು. ಅವರು ಆ ಕಲೆಯ ಮೇಲೆ ಹೆಬ್ಬೆರಳಾಡಿಸುತ್ತ, ಸಿಟ್ಟಿಲ್ಲದ ದನಿಯಲ್ಲಿ, ‘ಬೇಡ ಅಂತ ಒಂದು ಕಾರ್ಡು ಹಾಕಿದ್ದರೆ ಬೇರೆ ಕಡೆ ಕಳಿಸುತ್ತಿದ್ದೆ. ನನ್ನ ಹತ್ತಿರ ಅಷ್ಟೊಂದು ಕಾಲ ಉಳಿದಿದೆ ಅಂದುಕೊಂಡಿರಾ?’ ಎಂದರು. ನಾನು ಅವರಿಗೆ ಕೊಟ್ಟಿದ್ದು ಮರ್ಯಾದೆಯೆಂದು ಅಲ್ಲಿಯವರೆಗೂ ನಂಬಿದ್ದೆ.

ಹೊರಗೆ ಹಾಕುವುದಕ್ಕೂ ಒಂದು ರೀತಿಯಿದೆ. ಪ್ರಾಚೀನ ಅಥೆನ್ಸಿನವರು ತಮಗೆ ಬೇಡವಾದ ಮುಂದಾಳುವಿನ ಹೆಸರನ್ನು ಮಡಕೆಯ ಚೂರಿನ ಮೇಲೆ ಗೀಚಿ ಗಡೀಪಾರು ಮಾಡುತ್ತಿದ್ದರು. ನ್ಯಾಯವಂತನೆಂದೇ ಹೆಸರಾಗಿದ್ದ ಅರಿಸ್ಟೈಡೀಸನ ಸರದಿ ಬಂದ ದಿನ, ಅಕ್ಷರ ಬಾರದವನೊಬ್ಬ ಇವನಾರೆಂದು ತಿಳಿಯದೆ ಇವನ ಕೈಗೇ ಚೂರು ಕೊಟ್ಟು ‘ಅರಿಸ್ಟೈಡೀಸ್ ಅಂತ ಬರೆದುಕೊಡು’ ಎಂದನಂತೆ. ಅವನಿಂದ ನಿನಗೇನು ಕೇಡಾಯಿತೆಂದು ಕೇಳಿದರೆ, ‘ಏನೂ ಇಲ್ಲ, ಎಲ್ಲೆಲ್ಲೂ ಅವನನ್ನು ನ್ಯಾಯವಂತ ಎನ್ನುವುದನ್ನು ಕೇಳಿ ಕೇಳಿ ಸಾಕಾಗಿದೆ’ ಎಂಬ ಉತ್ತರ ಬಂತು. ಅರಿಸ್ಟೈಡೀಸ್ ಮರುಮಾತಾಡದೆ ತನ್ನ ಹೆಸರನ್ನು ಬರೆದುಕೊಟ್ಟನೆಂದು ಗ್ರೀಕ್ ಜೀವನಚರಿತ್ರೆಕಾರ ಪ್ಲೂಟಾರ್ಕ್ ಹೇಳುತ್ತಾನೆ. ಆ ಮತದಾರನ ಕಾರಣ ಎಷ್ಟು ಕ್ಷುಲ್ಲಕವಾದರೂ ಇರಲಿ, ಕಾರಣವೆಂಬುದೊಂದಿತ್ತು. ಗಡೀಪಾರಾದವನಿಗೆ ಊರು ಬಿಡಲು 10 ದಿನಗಳ ಗಡುವು, ಶಿಕ್ಷೆಗೆ 10 ವರ್ಷಗಳ ಅವಧಿ, ಆಸ್ತಿಗೆ ಧಕ್ಕೆಯಿಲ್ಲ. ಎರಡೂವರೆ ಸಾವಿರ ವರ್ಷಗಳ ಹಿಂದಿನ ಗಡೀಪಾರಿನಲ್ಲಿದ್ದ ಈ ಖಚಿತತೆ ಇಂದು ಹೊರಗಾದವರಿಗೆ ಸಿಗುತ್ತಿಲ್ಲ.

ಪ್ರೇಮಪ್ರಸಂಗಗಳಲ್ಲಿ ಮಾತ್ರ ಎಂದುಕೊಳ್ಳಬೇಡಿ. ಕೆಲಸದ ಸಂದರ್ಶನಕ್ಕೆ ಮೂರು ಸುತ್ತು ಓಡಾಡಿಸಿದ ಕಂಪನಿ ‘ತಿಳಿಸುತ್ತೇವೆ’ ಎಂದು ಹೇಳಿ ಮಣ್ಣು ಮುಕ್ಕಿದಂತೆ ಸುಮ್ಮನಾಗುತ್ತದೆ. ಸಾಲ ಪಡೆದ ಗೆಳೆಯ ನಂಬರ್ ಬದಲಿಸುತ್ತಾನೆ. ಖಂಡಿತ ಬರುತ್ತೇನೆಂದವರು ಬರುವುದಿಲ್ಲ, ಬರಲಾಗದು ಎಂದು ಹೇಳಿದವರನ್ನು ಮಾತ್ರ ನಾವು ನಿಷ್ಠುರದವರೆಂದು ದೂರುತ್ತೇವೆ. ಯಥಾರ್ಥವಾದಿ ಲೋಕವಿರೋಧಿಯೆಂದು ಹೆದರಿ, ಹಾವೂ ಸಾಯದ ಕೋಲೂ ಮುರಿಯದ ಭಾಷೆಯೊಂದನ್ನು ಎಲ್ಲರೂ ಸೇರಿ ಕಟ್ಟಿಕೊಂಡಿದ್ದೇವೆ: ‘ನೋಡೋಣ’, ‘ಪ್ರಯತ್ನಿಸುತ್ತೇನೆ’, ‘ಸ್ವಲ್ಪ ಬ್ಯುಸಿ’, ‘ಆಮೇಲೆ ಮಾತಾಡೋಣ’. ಇವುಗಳಲ್ಲಿ ಒಂದೂ ಸುಳ್ಳಲ್ಲ, ಒಂದನ್ನೂ ನಂಬುವಂತಿಲ್ಲ.

ಆದ್ದರಿಂದ ಇಂದೇ ಬರೆಯಿರಿ. ಉದ್ದ ಬೇಡ, ಉದ್ದವಾದಷ್ಟೂ ಅದು ನಿಮ್ಮ ಸಮರ್ಥನೆಯಾಗುತ್ತದೆ. ‘ನಿಮ್ಮೊಂದಿಗೆ ಕಳೆದ ಮೂರು ಸಂಜೆಗಳೂ ಚೆನ್ನಾಗಿದ್ದವು, ಆದರೆ ಇದನ್ನು ಮುಂದುವರಿಸುವ ಮನಸ್ಸು ನನಗಿಲ್ಲ. ಇಷ್ಟು ದಿನ ಉತ್ತರಿಸದೇ ಇದ್ದುದು ನನ್ನ ತಪ್ಪು, ಕ್ಷಮಿಸಿ’ ಎಂದರೆ ಸಾಕು. ‘ಸದ್ಯಕ್ಕೆ’ ಎಂಬ ಪದ ಬೆರಳ ತುದಿಗೆ ಬಂದೇ ಬರುತ್ತದೆ, ಅಳಿಸಿಹಾಕಿ. ಬಾಗಿಲನ್ನು ಅರ್ಧ ತೆರೆದಿಟ್ಟು ಹೋಗುವುದೇ ಆ ಪದದ ಕಸುಬು. ‘ನೀವು ತುಂಬ ಒಳ್ಳೆಯವರು, ನಾನೇ ನಿಮಗೆ ತಕ್ಕವನಲ್ಲ’ ಎಂಬ ಸವಕಲು ನಾಣ್ಯವನ್ನೂ ಚಲಾಯಿಸಬೇಡಿ. ಅವರು ಒಳ್ಳೆಯವರೆಂಬುದಕ್ಕೆ ನಿಮ್ಮ ಪ್ರಮಾಣಪತ್ರ ಬೇಕಾಗಿಲ್ಲ. ಗೆಳೆಯರಾಗಿರೋಣ ಎಂಬ ಮಾತು ಮನಸ್ಸಿನಲ್ಲಿದ್ದರಷ್ಟೇ ಇರಲಿ. ಅವರು ಖಾರವಾಗಿ ಉತ್ತರಿಸಬಹುದು, ಉತ್ತರಿಸದೆಯೂ ಇರಬಹುದು. ಆ ಮೌನದ ಅರ್ಥವನ್ನು ಕೆದಕುತ್ತ ನೀವು 11 ದಿನ ಕೂರಬೇಕಾದೀತು. ಲೆಕ್ಕ ಚುಕ್ತಾ ಎಂದುಕೊಳ್ಳಿ.

ಕೊಡೆಯ ವಿಚಾರ. ಆ ಸಂದೇಶದಲ್ಲಿ ಅದರ ಪ್ರಸ್ತಾಪ ಬೇಡವೇ ಬೇಡ, ಕೊಡೆಗೋಸ್ಕರ ಬರೆದಂತಾಗುತ್ತದೆ. ಅವರಾಗಿಯೇ ಕೇಳಿದರೆ ಹೋಗಿ ಇಸಿದುಕೊಂಡು ಬನ್ನಿ. ಕೇಳದಿದ್ದರೆ, ಮಳೆಗಾಲಕ್ಕೆ ಮೊದಲು ಹೊಸದೊಂದನ್ನು ಕೊಂಡುಕೊಳ್ಳಿ.