ಎಣಿಸಿದ್ದೇ ಆಧಾರ
ಮೇಡಂ, ಎರೆಹುಳು ಒದ್ದೆ ಮಣ್ಣಲ್ಲೇ ಯಾಕಿರುತ್ತದೆ ಅಂದರೆ 4ನೇ ತರಗತಿ ಮಕ್ಕಳು "ಪುಸ್ತಕದಲ್ಲಿದೆ" ಅಂತಾರೆ, ಆಧಾರ ಕೊಡೋದು ಕಲಿಸುವುದು ಹೇಗೆ ಎಂದು ಕೇಳಿದ್ದೀರಿ. ಒಂದು ಟ್ರೇ ತಗೊಳ್ಳಿ. ಅರ್ಧ ಒಣ ಮಣ್ಣು, ಅರ್ಧ ಒದ್ದೆ ಮಣ್ಣು. ನಡುವೆ 10 ಎರೆಹುಳು ಬಿಟ್ಟು ಗೋಣಿಚೀಲ ಮುಚ್ಚಿ. 15 ನಿಮಿಷ ಬಿಟ್ಟು ಯಾವ ಕಡೆ ಎಷ್ಟಿವೆ ಅಂತ ಮಕ್ಕಳೇ ಎಣಿಸಿ ಬರೆಯಲಿ.

ನಮ್ಮಲ್ಲಿ 2 ಹುಳು ಒಣ ಕಡೆಯೇ ಉಳಿದವು. ಒಬ್ಬಳು ಹುಡುಗಿ ಆ 2ನ್ನು ಅಳಿಸೋಕೆ ಹೊರಟಳು. "ಬೇಡ ಪುಟ್ಟಿ, ಕಂಡಿದ್ದನ್ನೇ ಬರಿ, ಇನ್ನೊಂದು ಸಲ ನೋಡೋಣ" ಎಂದೆ. ನನಗೆ ಇದೇ ಜಾಸ್ತಿ ಮುಖ್ಯ ಅನಿಸುತ್ತದೆ.

"ಯಾಕೆ" ಅನ್ನೋದು ಆಮೇಲೆ. ಎರೆಹುಳುವಿಗೆ ಶ್ವಾಸಕೋಶವಿಲ್ಲ, ಚರ್ಮದಿಂದಲೇ ಉಸಿರಾಡುತ್ತದೆ. ಚರ್ಮ ಒಣಗಿದರೆ ಉಸಿರು ಕಟ್ಟುತ್ತದೆ. ಮುಗಿದ ಮೇಲೆ ಹುಳುಗಳನ್ನು ತೋಟದ ನೆರಳಿಗೆ ಬಿಟ್ಟುಬಿಡಿ.