ವೈಫೈ ಫುಲ್ ಇದ್ದರೂ ವಿಡಿಯೊ ಕಾಲ್ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ಮನೆಯಲ್ಲಿ 100 ಎಂಬಿಪಿಎಸ್ ಫೈಬರ್ ಇದೆ. ಸಂಜೆಯಾದರೆ ವಿಡಿಯೊ ಕಾಲ್ ತುಂಡು ತುಂಡಾಗುತ್ತದೆ. ರೂಟರ್ ಬದಲಿಸಬೇಕಾ?

ಉತ್ತರ: ಸುಮ್ನೆ ದುಡ್ಡು ಹಾಕಬೇಡಿ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ನೇರವಾಗಿ ರೂಟರ್‌ಗೆ ಸಿಕ್ಕಿಸಿ, ತೊಂದರೆ ಬರುವ ಹೊತ್ತಿನಲ್ಲೇ ಮೊದಲು ರೂಟರ್‌ಗೆ, ಆಮೇಲೆ ಹೊರಗಿನ 8.8.8.8 ವಿಳಾಸಕ್ಕೆ (ಗೂಗಲ್‌ನ ಸರ್ವರ್) ಪಿಂಗ್ ಕೊಟ್ಟು ನೋಡಿ, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದೆಯಾ ಎಂದು ನೋಡುವ ಕಮಾಂಡ್. ವಿಂಡೋಸ್ ನಾಲ್ಕೇ ಸಲ ಕಳಿಸಿ ನಿಲ್ಲಿಸುತ್ತದೆ. ಅದು ಸಾಲದು, ನೂರು ಸಲವಾದರೂ ಕಳಿಸಿ. ರೂಟರ್‌ವರೆಗೆ ಸರಿಯಿದ್ದು ಅದರಾಚೆ ಪ್ಯಾಕೆಟ್ (ಕಳಿಸಿದ ಸಂದೇಶ) ಕಳೆದುಹೋಗುತ್ತಿದ್ದರೆ ತೊಂದರೆ ಹೆಚ್ಚಾಗಿ ಲೈನಿನದ್ದೇ. ಗೋಡೆಯ ಮೂಲೆಯಲ್ಲಿ ಫೈಬರ್ ಮಡಚಿಕೊಂಡಿದೆಯಾ ನೋಡಿ, ಇಲ್ಲದಿದ್ದರೆ ಪಿಂಗ್‌ನ ಸ್ಕ್ರೀನ್‌ಶಾಟ್ ಇಟ್ಟೇ ಕಂಪನಿಗೆ ದೂರು ಕೊಡಿ. ಕೇಬಲ್‌ನಲ್ಲಿ ಎಲ್ಲ ಚೆನ್ನಾಗಿದ್ದರೆ ವೈಫೈ ಕಾರಣ. 2.4 ಗಿಗಾಹರ್ಟ್ಸ್‌ನಲ್ಲಿ ಅಕ್ಕಪಕ್ಕದ ಮನೆಯವರ ವೈಫೈ ಗದ್ದಲ ಜಾಸ್ತಿ, 5 ಗಿಗಾಹರ್ಟ್ಸ್ ವೈಫೈಗೆ ಬದಲಿಸಿಕೊಂಡು ರೂಟರ್ ಇರುವ ಕೋಣೆಯಲ್ಲೇ ಕೂತು ಮಾತಾಡಿ ನೋಡಿ.